ಮೂಕಪ್ರಾಣಿಗಳ ಬಂಧವಿಮೋಚನೆ



ಜಾತ್ರೆ ಹಬ್ಬಗಳ ದಿವಸ ಪೇಟೆಯ ಬೀದಿಯಲ್ಲಿ ತಂತಿಯ ಪಂಜರದೊಳಗೆ ಗಿಳಿ, ರಾಟವಾಳ ಮುಂತಾದ ಹಕ್ಕಿಗಳನ್ನು ತುಂಬಿಕೊಂಡು ಮಾರುವವನು ನಿಂತಿರುವುದುಂಟು. ಕರುಣಾಳುವಾದ ಗೃಹಸ್ಥನೊಬ್ಬನು ಬಂದು, ಕೇಳಿದಷ್ಟು ಹಣವನ್ನು ಕೊಟ್ಟು, ಪಂಜರದ ಬಾಗಿಲನ್ನು ತೆರೆಯಿಸಿ, ಹಕ್ಕಿಗಳನ್ನು ಹಾರಿಬಿಟ್ಟು, ಕೈಮುಗಿದು ಮನೆಗೆ ತೆರಳುತ್ತಾನೆ. ಸೆರೆಯಲ್ಲಿದ್ದ ಜೀವಿಗಳನ್ನು ಬಿಡಿಸಿದ ಪುಣ್ಯವು ತನಗೆ ಲಭಿಸಿತೆಂದು ಅವನ ಭಾವನೆ. ಆ ಭಾವನೆಯು ನಿಂದ್ಯವಾದುದಲ್ಲ. ಹೃದಯದಲ್ಲಿ ದಯೆಯಿಲ್ಲದವನು ಅಷ್ಟನ್ನಾದರೂ ಮಾಡಲಾರನು. ಆದರೆ ಆ ಹಕ್ಕಿಗಳ ಗತಿ ಆಮೇಲೆ ಏನಾಯಿತೆಂಬುದನ್ನು ಅವನು ನಿಂತು ನೋಡಲಿಲ್ಲ.

ನಿಂತು ನೋಡಿದ್ದರೆ ತಿಳಿಯುತ್ತಿದ್ದುದೇನು? ಬೇಟೆಗಾರನು ಬಲೆ ಬೀಸಿಯೋ ಅಂಟು ಸವರಿದ ಕಡ್ಡಿಗಳನ್ನು ನೆಟ್ಟೋ ಹಿಡಿದ ಹಕ್ಕಿಗಳಲ್ಲಿ ಎಷ್ಟೋ ದಾರಿಯಲ್ಲಿಯೇ ಸಾಯುತ್ತವೆ. ಹಾರಿಹೋಗಬಾರದೆಂದು ಕೆಲವಕ್ಕೆ ರೆಕ್ಕೆಯ ಗರಿಗಳನ್ನು ಕತ್ತರಿಸಿರುತ್ತಾರೆ. ಅನ್ನ ನೀರುಗಳಿಲ್ಲದೆ ಸೊರಗಿದ ಇಂಥ ಪಕ್ಷಿಯನ್ನು ಅದರ ಹುಲ್ಲುಗಾವಲಿನಿಂದ ಎಷ್ಟೋ ಹರದಾರಿ ದೂರದ ಪಟ್ಟಣದ ನಡುವೆ ಬಿಟ್ಟರೆ, ಅದು ಹತ್ತಿರದ ಗೋಡೆಯ ಮೇಲೆ ಕುಳಿತುಕೊಳ್ಳುವುದು; ಕಾಗೆಯ ಬಾಯಿಗೋ ಬೆಕ್ಕಿನ ಬಾಯಿಗೋ ಬೀಳುವುದು; ಇಲ್ಲವೆ ಮಾರಿದವನ ಕೈಗೇ ಮರಳಿ ಸಿಕ್ಕುವುದು. ಇದಕ್ಕಿಂತಲೂ ಮುಖ್ಯವಾದ ಮಾತೊಂದುಂಟು. ಗೃಹಸ್ಥನು ಕೊಟ್ಟ ಹಣವು ಮುಂದಿನ ಬಲೆಗೆ ಕೂಲಿಯಾಯಿತು. ಬಿಡಿಸಿಕೊಳ್ಳುವ ಪುಣ್ಯಾರ್ಥಿಗಳು ಇರುವರೆಂಬ ಭರವಸೆಯಿಂದಲೇ ಬೇಟೆಗಾರನು ಮರುದಿನ ಹುಲ್ಲುಗಾವಲಿಗೆ ಹೋಗುವನು.

ನೀಲಕಂಠವೆಂಬ ಪಕ್ಷಿಯನ್ನು ಎಲ್ಲರೂ ಬಲ್ಲರಷ್ಟೆ. ಅದು ಕರ್ನಾಟಕದ ರಾಜ್ಯಪಕ್ಷಿಯೆಂದು ಗೌರವಿಸಲ್ಪಟ್ಟಿದೆ. ಶಿವನ ನಾಮವನ್ನೇ ಧರಿಸಿರುವ ಈ ಹಕ್ಕಿಯನ್ನು ವಿಜಯದಶಮಿಯ ದಿನ ಕಂಡರೆ ಶುಭವೆಂಬ ನಂಬಿಕೆಯು ತೆಲುಗು ಸೀಮೆಯಲ್ಲಿಯೂ ಉತ್ತರ ದೇಶದಲ್ಲಿಯೂ ಬಹಳವಾಗಿದೆ. ಹೊಲದ ಬದುವಿಗೆ ಹೋಗಿ, ಅದು ಆಕಾಶದಲ್ಲಿ ನೀಲಿಯ ರೆಕ್ಕೆ ಬಿಚ್ಚಿ ಹೊರಳುವುದನ್ನು ನೋಡಿದರೆ ಆ ನಂಬಿಕೆಯಲ್ಲಿ ದೋಷವೇನೂ ಇಲ್ಲ. ಈಗ ಮನೆಬಾಗಿಲಿಗೇ ಶುಭವು ಬರಬೇಕೆಂಬ ಸೋಮಾರಿತನವು ಹೆಚ್ಚಿ, ಹಬ್ಬಕ್ಕೆ ಮುಂಚೆಯೇ ಅವನ್ನು ಹಿಡಿದು, ಕಾಲು ಕಟ್ಟಿ, ರೆಕ್ಕೆ ಕತ್ತರಿಸಿ, ಬೀದಿಬೀದಿ ತಿರುಗಿಸಿ ದರ್ಶನಕ್ಕೆ ಹಣ ಕೇಳುವವರು ಹುಟ್ಟಿಕೊಂಡರು. ಕಾಲು ಕಟ್ಟಿದ ನೀಲಕಂಠದ ದರ್ಶನದಿಂದ ಯಾವ ಶುಭವು ಉಂಟಾದೀತೆಂಬುದನ್ನು ಕೇಳುವವರೇ ವಿಚಾರಮಾಡತಕ್ಕದ್ದು.

ಭಾರತ ಸರ್ಕಾರವು 1972ರಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆಯನ್ನು ಮಾಡಿತು. ಕಾಲಕ್ರಮದಲ್ಲಿ ಅದನ್ನು ಬಿಗಿಗೊಳಿಸಿದುದರಿಂದ ಈ ದೇಶದ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಅಪರಾಧವಾಗಿದೆ. ಆದುದರಿಂದ ಸಂತೆಯಲ್ಲಿ ಪಂಜರದ ಗಿಳಿಯನ್ನು ಕಂಡವನು ಹಣದ ಚೀಲವನ್ನು ಬಿಚ್ಚದೆ ಅರಣ್ಯ ಇಲಾಖೆಯವರಿಗೆ ಸುದ್ದಿ ಮುಟ್ಟಿಸಬೇಕು. ಇದರಲ್ಲಿ ಪುಣ್ಯವು ಕಡಿಮೆಯಾಗುವುದೆಂಬ ಭಯ ಬೇಡ.

ಇನ್ನು ಪ್ರಕೃತ ವಿಷಯಕ್ಕೆ ಬರಬೇಕಾದರೆ, ಸೆರೆಯಲ್ಲಿದ್ದ ಕಾಡುಪ್ರಾಣಿಗೆ ಸ್ವಾತಂತ್ರ್ಯವನ್ನು ಮರಳಿ ಕೊಡುವ ಬಗೆ ಯಾವುದು ಎಂಬ ಪ್ರಶ್ನೆಯು ಕೇಳುವುದಕ್ಕೆ ಸುಲಭ, ಉತ್ತರಿಸುವುದಕ್ಕೆ ಕಠಿಣ. ಪಂಜರವು ಮೃಗದ ದೇಹವನ್ನು ಮಾತ್ರ ಕಟ್ಟಿಹಾಕುವುದೆಂದು ಜನರು ತಿಳಿದಿದ್ದಾರೆ. ಅದು ಮೃಗದ ವಿದ್ಯೆಯನ್ನೂ ಕಸಿದುಕೊಳ್ಳುತ್ತದೆ. ಹಣ್ಣು ಯಾವ ಮಾಸದಲ್ಲಿ ಯಾವ ಕಣಿವೆಯಲ್ಲಿ ಮಾಗುವುದು, ನೀರು ಎಲ್ಲಿ ಬತ್ತುವುದಿಲ್ಲ, ಯಾವ ಸಪ್ಪಳಕ್ಕೆ ಓಡಬೇಕು, ಯಾವುದಕ್ಕೆ ಸುಮ್ಮನಿರಬೇಕು, ಇವೆಲ್ಲ ತಾಯಿಯಿಂದ ಮರಿಗೆ ಪರಂಪರೆಯಾಗಿ ಬರತಕ್ಕ ವಿದ್ಯೆಗಳು. ಮರಿಯನ್ನು ತಾಯಿಯಿಂದ ಅಗಲಿಸಿದ ದಿನವೇ ಆ ಪಾಠವು ನಿಂತುಹೋಗುತ್ತದೆ.

ಇದಕ್ಕೆ ಬ್ರೆಜಿಲ್ ದೇಶದ ಒಂದು ಪುಟ್ಟ ಕೋತಿಯು ಒಳ್ಳೆಯ ನಿದರ್ಶನ. ಸಿಂಹದಂತೆ ಮುಖದ ಸುತ್ತಲೂ ಹೊಂಬಣ್ಣದ ಕೇಸರವುಳ್ಳ, ಅರ್ಧ ಕಿಲೋಗ್ರಾಮಿಗಿಂತ ತುಸುವೇ ಹೆಚ್ಚು ತೂಗುವ ಟ್ಯಾಮರಿನ್ ಎಂಬ ಈ ಪ್ರಾಣಿಯು ಅಲ್ಲಿಯ ಕರಾವಳಿಯ ಕಾಡುಗಳು ನಾಶವಾದುದರಿಂದ 1970ರ ಸುಮಾರಿಗೆ ಕೆಲವು ನೂರಕ್ಕೆ ಇಳಿದಿತ್ತು. ಅಮೆರಿಕೆಯ ವಾಷಿಂಗ್ಟನ್ ಮೃಗಾಲಯದ ಡೆವ್ರಾ ಕ್ಲೈಮನ್ ಎಂಬ ವಿದುಷಿಯೂ ಆಕೆಯ ಸಂಗಡಿಗರೂ ಮೃಗಾಲಯಗಳಲ್ಲಿ ಹುಟ್ಟಿದ ಟ್ಯಾಮರಿನ್‌ಗಳನ್ನು 1984ರಲ್ಲಿ ಬ್ರೆಜಿಲಿನ ಕಾಡಿಗೆ ಬಿಡಿಸಿದರು. ಫಲವೇನಾಯಿತು? ಮೊದಲ ಗುಂಪಿನಲ್ಲಿ ಬಹುಪಾಲು ಸತ್ತುಹೋದವು ಅಥವಾ ಕಾಣೆಯಾದವು. ಮರದ ಕೋತಿಗೆ ಮರ ಹತ್ತಲು ಬಾರದೆಂದರೆ ನಗುಬರಬಹುದು. ಆದರೆ ನಡೆದುದು ಅದೇ. ಪಂಜರದೊಳಗಿನ ಕೋಲುಗಳು ಅಲುಗದೆ ಒಂದೇ ಸ್ಥಾನದಲ್ಲಿರುತ್ತವೆ. ಕಾಡಿನ ರೆಂಬೆಯು ಬಾಗುತ್ತದೆ, ತೂಗುತ್ತದೆ, ಮುರಿಯುತ್ತದೆ. ಹೆಚ್ಚಿಟ್ಟ ಹಣ್ಣನ್ನು ತಟ್ಟೆಯಿಂದ ತಿಂದು ಬೆಳೆದ ಪ್ರಾಣಿಗೆ, ಎಲೆಯ ಮರೆಯಲ್ಲಿ ತೊಗಟೆಯ ಬಿರುಕಿನಲ್ಲಿ ಆಹಾರವು ಅಡಗಿರುವುದೆಂದು ತಿಳಿಯದು.

ಆ ಪಂಡಿತರು ಎದೆಗುಂದಲಿಲ್ಲ. ಮುಂದಿನ ಗುಂಪುಗಳನ್ನು ಮೃಗಾಲಯದ ತೋಪಿನಲ್ಲಿಯೇ ಬೇಲಿಯಿಲ್ಲದೆ ಬಿಟ್ಟು ಮರಗಳ ಅಭ್ಯಾಸ ಮಾಡಿಸಿದರು. ಕಾಡಿಗೆ ಒಯ್ದ ಮೇಲೆಯೂ ಬಹುಕಾಲ ಆಹಾರವಿಟ್ಟು, ಹಿಂದೆ ಹಿಂದೆ ತಿರುಗಿ ಕಾಪಾಡಿದರು. ಇಷ್ಟಾದರೂ ಪಂಜರದಲ್ಲಿ ಹುಟ್ಟಿದವುಗಳಲ್ಲಿ ಅನೇಕವು ಬಾಳಲಿಲ್ಲ. ಆದರೆ ಅವು ಕಾಡಿನಲ್ಲಿ ಹಾಕಿದ ಮರಿಗಳು ಹುಟ್ಟುತ್ತಲೇ ಬಾಗುವ ರೆಂಬೆಯನ್ನು ಹಿಡಿದವು, ಅವು ಬದುಕಿದವು. 2023ರ ಎಣಿಕೆಯಲ್ಲಿ ಈ ಜಾತಿಯು 4,800ರಷ್ಟಾಗಿದೆ. ಅವುಗಳಲ್ಲಿ ದೊಡ್ಡ ಭಾಗವು ಹೀಗೆ ಬಿಟ್ಟವುಗಳ ಸಂತತಿಯೇ. ಬಿಡುಗಡೆಯ ಫಲವು ಬಿಡುಗಡೆ ಹೊಂದಿದವನಿಗಿಂತ ಅವನ ಮಕ್ಕಳಿಗೆ ಹೆಚ್ಚಾಗಿ ದೊರೆಯಿತು.

ಇದಕ್ಕಿಂತಲೂ ಮನಸ್ಸನ್ನು ಕರಗಿಸತಕ್ಕ ವೃತ್ತಾಂತವು ಆಫ್ರಿಕಾಖಂಡದ ಕೀನ್ಯಾ ದೇಶದ್ದು. ಅಲ್ಲಿ ತ್ಸಾವೊ ಎಂಬ ಮಹಾರಣ್ಯದಲ್ಲಿ ಡೇವಿಡ್ ಶೆಲ್ಡ್ರಿಕ್ ಎಂಬಾತನು ವನಪಾಲಕನಾಗಿದ್ದನು. ಆತನ ಪತ್ನಿ ಡ್ಯಾಫ್ನಿ. ದಂತಕ್ಕಾಗಿ ತಾಯಿಯನ್ನು ಕೊಂದ ಮೇಲೆ ಅನಾಥವಾದ ಆನೆಮರಿಗಳನ್ನು ಉಳಿಸಬೇಕೆಂದು ಆಕೆಯು ಬಹು ವರ್ಷ ಪ್ರಯತ್ನಿಸಿದಳು. ಮೊಲೆಹಾಲು ಬಿಡದ ಎಳೆಯ ಮರಿಗಳು ಎಷ್ಟು ಉಪಚರಿಸಿದರೂ ಸಾಯುತ್ತಿದ್ದವು; ಏಕೆಂದರೆ ಹಸುವಿನ ಹಾಲಿನ ಜಿಡ್ಡು ಅವಕ್ಕೆ ಜೀರ್ಣವಾಗದು. ಕಟ್ಟಕಡೆಗೆ ಕೊಬ್ಬರಿ ಎಣ್ಣೆಯನ್ನು ಬೆರೆಸಿದ ಹಾಲು ಒಗ್ಗುವುದೆಂದು ಕಂಡುಕೊಂಡಳು. 1974ರಲ್ಲಿ ಆಯಿಷಾ ಎಂಬ ಮರಿಯು ಆ ಹಾಲಿನಿಂದ ಚೇತರಿಸಿಕೊಂಡು ಆಕೆಯ ಸೆರಗನ್ನು ಬಿಡದೆ ಬೆಳೆಯತೊಡಗಿತು. ಅಷ್ಟರಲ್ಲಿ ಮಗಳ ಮದುವೆಯ ನಿಮಿತ್ತ ಡ್ಯಾಫ್ನಿಯು ಕೆಲವು ದಿನಗಳ ಮಟ್ಟಿಗೆ ನೈರೋಬಿಗೆ ಹೋಗಬೇಕಾಯಿತು. ಆಕೆ ಕಾಣದಿರಲು ಆಯಿಷಾ ಹಾಲು ಮುಟ್ಟಲಿಲ್ಲ. ಕೊರಗಿ ಕೊರಗಿ ಅಸುನೀಗಿತು.

ಅಲ್ಲಿ ಅವರು ಕಲಿತುದು ಬಹು ದೊಡ್ಡ ಪಾಠ. ಪ್ರೀತಿಯಿಲ್ಲದೆ ಆನೆಯ ಮರಿಯು ಬದುಕದು. ಒಬ್ಬರಲ್ಲಿಯೇ ಪ್ರೀತಿ ನೆಟ್ಟರೂ ಬದುಕದು. ಆದಕಾರಣ 1977ರಲ್ಲಿ ಡೇವಿಡನು ತೀರಿಕೊಂಡ ಬಳಿಕ ಆತನ ಹೆಸರಿನಲ್ಲಿ ಸ್ಥಾಪಿತವಾದ ಧರ್ಮಸಂಸ್ಥೆಯಲ್ಲಿ ಹೊಸ ಕ್ರಮವನ್ನಿಟ್ಟರು. ಪ್ರತಿಯೊಂದು ಮರಿಯನ್ನೂ ಅನೇಕ ಪಾಲಕರು ಸರದಿಯ ಮೇಲೆ ನೋಡಿಕೊಳ್ಳುವರು. ಹಗಲೂ ರಾತ್ರಿಯೂ ಮೂರು ಮೂರು ಗಂಟೆಗೊಮ್ಮೆ ಹಾಲು, ಚಳಿಗೆ ಕಂಬಳಿ, ರಾತ್ರಿ ಪಾಲಕನು ಮರಿಯ ಕೊಟ್ಟಿಗೆಯಲ್ಲಿಯೇ ಮಲಗುವನು. ಇಂದು ಮಲಗಿದವನು ನಾಳೆ ಅದೇ ಮರಿಯ ಬಳಿ ಮಲಗುವುದಿಲ್ಲ. ಮರಿಯು ಒಬ್ಬ ಮನುಷ್ಯನಿಗೆ ಅಂಟಿಕೊಳ್ಳದೆ ಒಂದು ಕುಟುಂಬಕ್ಕೆ, ಅಂದರೆ ಪಾಲಕರ ಮತ್ತು ಇತರ ಮರಿಗಳ ಗುಂಪಿಗೆ, ಸೇರಿಕೊಳ್ಳಬೇಕೆಂಬುದು ಇದರ ತಾತ್ಪರ್ಯ.

ಮರಿಗಳಿಗೆ ಸುಮಾರು ಮೂರು ವರ್ಷವಾದ ಮೇಲೆ ಅವನ್ನು ತ್ಸಾವೊ ಅರಣ್ಯದಲ್ಲಿರುವ ದೊಡ್ಡಿಗಳಿಗೆ ಒಯ್ಯುತ್ತಾರೆ. ಅಲ್ಲಿ ಬೆಳಗಾದೊಡನೆ ದೊಡ್ಡಿಯ ಬಾಗಿಲು ತೆರೆಯುವುದು. ಮರಿಗಳು ಪಾಲಕರ ಸಂಗಡ ಕಾಡಿನಲ್ಲಿ ಮೇಯುವುವು. ಸಂಜೆಗೆ ತಾವೇ ದೊಡ್ಡಿಗೆ ಬರುವುವು. ಮೇಯುವಾಗ ಕಾಡಾನೆಗಳ ಹಿಂಡು ಎದುರಾಗುವುದು, ಸೊಂಡಿಲಿಗೆ ಸೊಂಡಿಲು ತಾಗಿಸಿ ಪರಿಚಯವಾಗುವುದು. ಒಂದು ದಿನ ಒಂದು ಮರಿಯು ಸಂಜೆಗೆ ಬರುವುದಿಲ್ಲ. ಮತ್ತೆರಡು ದಿನದ ಮೇಲೆ ಬಂದು, ಒಂದು ವಾರವಿದ್ದು, ಮತ್ತೆ ಹೋಗುವುದು. ಹೀಗೆ ಹೋಗುತ್ತ ಬರುತ್ತ, ಕೆಲವಕ್ಕೆ ಹತ್ತು ವರ್ಷ ವಯಸ್ಸಾಗುವ ತನಕ, ಈ ಅಗಲಿಕೆಯು ನಡೆಯುತ್ತದೆ. ಎಂದು ಹೋಗಬೇಕೆಂಬುದನ್ನು ಮನುಷ್ಯನು ಗೊತ್ತುಮಾಡುವುದಿಲ್ಲ, ಆನೆಯೇ ಗೊತ್ತುಮಾಡುತ್ತದೆ. ಹೀಗೆ 300ಕ್ಕೂ ಹೆಚ್ಚು ಅನಾಥ ಮರಿಗಳನ್ನು ಆ ಸಂಸ್ಥೆಯು ಸಾಕಿತು. ಕಾಡಿಗೆ ಹೋಗಿ ನೆಲಸಿದ ಹೆಣ್ಣಾನೆಗಳು ವರ್ಷಗಳ ಮೇಲೆ ತಮ್ಮ ಮರಿಗಳನ್ನು ಕಟ್ಟಿಕೊಂಡು ಬಂದು ಹಳೆಯ ಪಾಲಕರಿಗೆ ತೋರಿಸಿಹೋದುದೂ ಉಂಟು. ತವರಿಗೆ ಬಂದ ಮಗಳು ಕೂಸನ್ನು ಅಜ್ಜಿಯ ತೊಡೆಯ ಮೇಲೆ ಹಾಕುವಂತೆ ಇದು. ಡ್ಯಾಫ್ನಿಯು 2018ರಲ್ಲಿ ತೀರಿಕೊಂಡಳು; ಕಾರ್ಯವು ಈಗಲೂ ನಡೆಯುತ್ತಿದೆ.

ಭರತಖಂಡದಲ್ಲಿಯೂ ಇಂಥ ಪ್ರಯತ್ನವು ಇಲ್ಲದಿಲ್ಲ. ಮಧ್ಯಪ್ರದೇಶದ ಪನ್ನಾ ಅರಣ್ಯದಲ್ಲಿ ಕಳ್ಳಬೇಟೆಯಿಂದ ಹುಲಿಗಳೆಲ್ಲ ನಾಶವಾಗಿದ್ದವು. ಕಾನ್ಹಾ ಅರಣ್ಯದ ಆವರಣದಲ್ಲಿ ತಾಯಿಯಿಲ್ಲದೆ ಬೆಳೆದ ಇಬ್ಬರು ಅಕ್ಕತಂಗಿ ಹುಲಿಗಳಿಗೆ ಬೇಟೆಯ ಅಭ್ಯಾಸವಾದ ಮೇಲೆ 2011ರಲ್ಲಿ ಅವನ್ನು ಪನ್ನಾದಲ್ಲಿ ಬಿಟ್ಟರು. ಕೈಯಲ್ಲಿ ಬೆಳೆದ ಹುಲಿಯು ಕಾಡಿನಲ್ಲಿ ಬಾಳದೆಂದು ಅನೇಕರು ತಿಳಿದಿದ್ದರು. ಅದು ಬಾಳಿ, ಮರಿಗಳನ್ನೂ ಹಾಕಿತು.

ಆದರೆ ಎಲ್ಲ ಪ್ರಾಣಿಗಳಿಗೂ ಕಾಡಿನ ದಾರಿ ತೆರೆದಿರುವುದಿಲ್ಲ. ಕರಡಿಯ ಕಥೆಯನ್ನು ಕೇಳಿದರೆ ಇದು ಮನವರಿಕೆಯಾದೀತು. ಹಳೆಯ ತಲೆಮಾರಿನವರೆಲ್ಲ ಬೀದಿಯಲ್ಲಿ ಕರಡಿ ಕುಣಿಸುವವನನ್ನು ನೋಡಿದವರೇ. ಅದರ ಕೂದಲನ್ನು ತಾಯಿತದಲ್ಲಿ ಕಟ್ಟಿ ಮಕ್ಕಳ ಕೊರಳಿಗೆ ಹಾಕಿದವರೂ ಉಂಟು. ಆ ಕುಣಿತದ ಮೂಲವೇನೆಂಬುದನ್ನು ಬಲ್ಲವರು ವಿರಳ. ಕರಡಿಯ ಮರಿಯು ತಾಯಿಯ ಬೆನ್ನಮೇಲೆ ಕುಳಿತು ಸಂಚರಿಸುವ ಪ್ರಾಣಿ; ತಾಯಿಯನ್ನು ಕೊಲ್ಲದೆ ಅದನ್ನು ಹಿಡಿಯುವುದು ಬಹಳ ಕಷ್ಟ. ಹಿಡಿದ ಮರಿಯ ಮೂತಿಯನ್ನು ಕಾದ ಸಲಾಕೆಯಿಂದ ತೂತುಮಾಡಿ ಹಗ್ಗವನ್ನು ಪೋಣಿಸುವರು, ಕೋರೆಹಲ್ಲುಗಳನ್ನು ಮುರಿದುಹಾಕುವರು. ಹಗ್ಗವನ್ನು ಎಳೆದಾಗ ನೋವು ತಾಳಲಾರದೆ ಅದು ಹಿಂಗಾಲಿನ ಮೇಲೆ ಏಳುವುದು. ಜನರು ಅದನ್ನೇ ಕುಣಿತವೆಂದು ಕರೆದು ಕಾಸು ಎಸೆದರು.

1972ರ ಕಾಯಿದೆಯಿಂದ ಇದು ನಿಷಿದ್ಧವಾದರೂ ಬಹುಕಾಲ ನಿಲ್ಲಲಿಲ್ಲ. ನಿಲ್ಲದಿರಲು ಕಾರಣವಿತ್ತು. ಕರಡಿ ಕುಣಿಸುತ್ತಿದ್ದ ಕಲಂದರರು ಕಡುಬಡವರು; ತಲೆಮಾರುಗಳಿಂದ ಬೇರೆ ಕಸುಬನ್ನು ಅರಿಯದವರು. ಕರಡಿಯನ್ನು ಕಿತ್ತುಕೊಂಡು ಅವರನ್ನು ಸೆರೆಮನೆಗೆ ಕಳುಹಿಸಿದರೆ, ಹೊರಗೆ ಬಂದವನು ಹೊಟ್ಟೆಗಾಗಿ ಇನ್ನೊಂದು ಮರಿಯನ್ನೇ ಕೊಳ್ಳುವನಲ್ಲದೆ ಮತ್ತೇನು ಮಾಡಿಯಾನು? 1995ರಲ್ಲಿ ಕಾರ್ತಿಕ್ ಸತ್ಯನಾರಾಯಣ ಮತ್ತು ಗೀತಾ ಶೇಷಮಣಿ ಎಂಬವರು ಸ್ಥಾಪಿಸಿದ ವೈಲ್ಡ್‌ಲೈಫ್ ಎಸ್‌ಒಎಸ್ ಎಂಬ ಸಂಸ್ಥೆಯು ಈ ಗಂಟನ್ನು ಸರಿಯಾಗಿ ಗುರುತಿಸಿತು. ಕರಡಿಯನ್ನು ಒಪ್ಪಿಸಿದ ಕಲಂದರನಿಗೆ ಬೇರೆ ಉದ್ಯೋಗಕ್ಕೆ ಮೂಲಧನ, ಹೆಂಗಸರಿಗೆ ಕೈಕಸುಬು, ಮಕ್ಕಳಿಗೆ ಶಾಲೆ, ಹೀಗೆ ವ್ಯವಸ್ಥೆ ಮಾಡಿದರು. ಆಗ್ರಾದ ಸಮೀಪದಲ್ಲಿಯೂ ಬೆಂಗಳೂರಿನ ಬನ್ನೇರುಘಟ್ಟದಲ್ಲಿಯೂ ಮತ್ತಿತರ ಕಡೆಗಳಲ್ಲಿಯೂ ಕರಡಿಗಳಿಗೆ ಆಶ್ರಯಗಳಾದವು. ಹೀಗೆ ಬಂದ ಕರಡಿಗಳು 600ಕ್ಕೂ ಮಿಕ್ಕಿದವು. ಬೀದಿಯ ಕೊನೆಯ ಕರಡಿಯೆಂದು ಪ್ರಸಿದ್ಧವಾದುದು 2009ರಲ್ಲಿ ಬನ್ನೇರುಘಟ್ಟಕ್ಕೆ ಬಂದು ಸೇರಿತು. ಮೃಗವೂ ಮನುಷ್ಯನೂ ಒಂದೇ ಹಗ್ಗದ ಎರಡು ತುದಿಗೆ ಕಟ್ಟಲ್ಪಟ್ಟಿದ್ದರು. ಒಬ್ಬರನ್ನು ಬಿಚ್ಚದೆ ಇನ್ನೊಬ್ಬರನ್ನು ಬಿಚ್ಚುವಂತಿರಲಿಲ್ಲ.

ಹಾಗಾದರೆ ಆ ಕರಡಿಗಳನ್ನು ಕಾಡಿಗೆ ಬಿಡಲಾಯಿತೇ ಎಂದರೆ, ಇಲ್ಲ. ಕೋರೆಯಿಲ್ಲದ ಬಾಯಿ, ಹರಿದ ಮೂಗು, ಎಷ್ಟೋ ಕರಡಿಗಳಿಗೆ ಕುರುಡುಗಣ್ಣು. ಹುತ್ತವನ್ನು ಬಗೆದು ಗೆದ್ದಲನ್ನು ಹೀರುವ ವಿದ್ಯೆಯನ್ನು ಕಲಿಸಿದ ತಾಯಿಯಿಲ್ಲ. ಅವನ್ನು ಕಾಡಿಗೆ ಅಟ್ಟಿದ್ದರೆ ಸಾಯಲು ಅಟ್ಟಿದಂತಾಗುತ್ತಿತ್ತು. ಆದುದರಿಂದ ಮರಗಿಡಗಳುಳ್ಳ ವಿಶಾಲವಾದ ಆವರಣ, ಮುಳುಗಲು ನೀರು, ತಿನ್ನಲು ಧಾನ್ಯದ ಅಂಬಲಿ, ಹಣ್ಣು, ಜೇನುತುಪ್ಪ, ಮತ್ತು ವೈದ್ಯ, ಇಷ್ಟನ್ನು ಕೊಟ್ಟು ಆಯುಷ್ಯವಿರುವ ತನಕ ಸಾಕುವರು. ಅಲ್ಲಿಗೆ ಬಂದ ಹೊಸದರಲ್ಲಿ ಕೆಲವು ಕರಡಿಗಳು, ಹಗ್ಗವು ಇಲ್ಲದಿದ್ದರೂ, ಹಗ್ಗವೆಷ್ಟು ಉದ್ದವಿತ್ತೋ ಅಷ್ಟೇ ಸುತ್ತಿನಲ್ಲಿ ತಿರುಗುತ್ತ ತಲೆಯನ್ನು ಓಲಾಡಿಸುತ್ತಿರುವುವು. ಮೂಗಿನ ಗಾಯವು ಮಾಯ್ದ ಎಷ್ಟೋ ದಿನದ ಮೇಲೆ ಆ ಸುತ್ತು ಮೆಲ್ಲಗೆ ದೊಡ್ಡದಾಗುವುದು. ಕೆಲವಕ್ಕೆ ಎಂದಿಗೂ ಆಗುವುದಿಲ್ಲ. ಹಂಪೆಯ ಹತ್ತಿರ ದರೋಜಿಯಲ್ಲಿ 1994ರಲ್ಲಿ ಕರಡಿಗಳಿಗಾಗಿಯೇ ಸಂರಕ್ಷಿತ ಅರಣ್ಯವು ಏರ್ಪಟ್ಟಿದೆ. ಅಲ್ಲಿ ಸಂಜೆಯ ಹೊತ್ತು ಬಂಡೆಗಳ ಸಂದಿಯಿಂದ ಮರಿಯನ್ನು ಬೆನ್ನಮೇಲೆ ಹೊತ್ತು ಇಳಿದುಬರುವ ತಾಯಿಕರಡಿಯನ್ನು ದೂರದ ಗೋಪುರದಿಂದ ನೋಡಿದವರಿಗೆ, ಬೀದಿಯ ಕರಡಿಯು ಕಳೆದುಕೊಂಡುದು ಏನೆಂಬುದು ಹೇಳದೆಯೇ ತಿಳಿಯುವುದು.

ಸರ್ಕಸ್ಸಿನ ಸಿಂಹಗಳ ಪಾಡೂ ಇಂಥದೇ. ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳನ್ನು ಆಟಕ್ಕೆ ಬಳಸಕೂಡದೆಂದು ಭಾರತ ಸರ್ಕಾರವು 1998ರಲ್ಲಿ ಆಜ್ಞೆ ಹೊರಡಿಸಿತು; 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಬಿಡಿಸಿ ತಂದ ಸಿಂಹಗಳು ಆಫ್ರಿಕಾ ಮತ್ತು ಭಾರತದ ತಳಿಗಳ ಬೆರಕೆಯಾಗಿದ್ದವು. ಗಿರ್ ಅರಣ್ಯಕ್ಕೂ ಸಲ್ಲದ, ಆಫ್ರಿಕಾಕ್ಕೂ ಸಲ್ಲದ ಆ ಪ್ರಾಣಿಗಳು ಸಂತಾನವಿಲ್ಲದೆ ಆಶ್ರಯಗಳಲ್ಲಿಯೇ ಮುದಿಯಾದವು.

ಕಾಡಿಗೆ ಬಿಟ್ಟುದು ಉಳಿಯಬೇಕಾದರೆ ಮೃಗದ ಶಿಕ್ಷಣವೊಂದೇ ಸಾಲದು ಎಂಬುದಕ್ಕೆ ಅರಬ್ಬೀ ಮರುಭೂಮಿಯ ಓರಿಕ್ಸ್ ಎಂಬ ಎರಳೆಯು ಸಾಕ್ಷಿ. ಅದರ ಮೈ ಬಿಳುಪು. ಪಕ್ಕದಿಂದ ನೋಡಿದರೆ ಎರಡು ನೀಳ ಕೊಂಬುಗಳು ಒಂದೇ ಎಂಬಂತೆ ತೋರುವುವು. ಮೋಟಾರುಗಾಡಿ ಮತ್ತು ಬಂದೂಕುಗಳು ಮರುಭೂಮಿಯನ್ನು ಹೊಕ್ಕ ಮೇಲೆ ಅದರ ಸಂತತಿಯು ಬೇಗ ಬೇಗ ಕ್ಷೀಣಿಸಿತು. 1962ರಲ್ಲಿ ಕೆಲವರು ಏಡನ್ನಿನ ಒಳನಾಡಿಗೆ ಹೋಗಿ ಉಳಿದಿದ್ದವನ್ನು ಹಿಡಿದು, ಬದುಕಿದ ಮೂರನ್ನು ಅಮೆರಿಕೆಯ ಫೀನಿಕ್ಸ್ ಮೃಗಾಲಯಕ್ಕೆ ಸಾಗಿಸಿದರು. ಲಂಡನ್, ಕುವೈತ್, ಸೌದಿ ಅರೇಬಿಯಗಳಿಂದ ಮತ್ತೆ ಕೆಲವನ್ನು ಕೂಡಿಸಿ ಒಟ್ಟು ಒಂಬತ್ತರ ಹಿಂಡನ್ನು ಮಾಡಿದರು. 1972ರಲ್ಲಿ ಒಮಾನಿನಲ್ಲಿ ಕಾಡಿನ ಕಟ್ಟಕಡೆಯ ಓರಿಕ್ಸ್ ಗುಂಡಿಗೆ ಬಲಿಯಾಯಿತು. ಇಲ್ಲಿ ಪಂಜರವೇ ಆ ಕುಲದ ತೊಟ್ಟಿಲಾಯಿತೆಂಬುದನ್ನು ಒಪ್ಪದೆ ವಿಧಿಯಿಲ್ಲ. ಪಂಜರವೆಂದೊಡನೆ ಶಪಿಸುವವರು ಇದನ್ನು ಜ್ಞಾಪಕದಲ್ಲಿಡಬೇಕು.

ಆ ಹಿಂಡಿನ ಸಂತತಿಯಲ್ಲಿ ಕೆಲವನ್ನು 1980ರಲ್ಲಿ ಒಮಾನಿಗೆ ತಂದು, ದೊಡ್ಡ ಆವರಣದಲ್ಲಿ ಇರಿಸಿ, ನಾಡಿನ ಗಾಳಿಗೆ ಒಗ್ಗಿಸಿ, 1982ರ ಜನವರಿಯಲ್ಲಿ ಹತ್ತನ್ನು ಮರುಭೂಮಿಗೆ ಬಿಟ್ಟರು. ಅಲ್ಲಿಯ ಹರಸೀಸ್ ಎಂಬ ಕುಲದವರನ್ನೇ ಕಾವಲಿಗೆ ನೇಮಿಸಿದರು. ಹಿಂಡು ಬೆಳೆದು 1996ರ ಹೊತ್ತಿಗೆ 450 ಆಯಿತು. ಆಗ ಹೊಸ ಕೇಡು ಒದಗಿತು. ಧನಿಕರ ಖಾಸಗಿ ಮೃಗಾಲಯಗಳಿಗೆ ಮಾರುವುದಕ್ಕಾಗಿ ಕಳ್ಳರು ಓರಿಕ್ಸ್‌ಗಳನ್ನು ಜೀವಂತವಾಗಿ ಹಿಡಿಯತೊಡಗಿದರು. ಪಂಜರದಿಂದ ಬಿಟ್ಟುದನ್ನು ಮತ್ತೆ ಪಂಜರಕ್ಕೆ! ಕೆಲವೇ ವರ್ಷಗಳಲ್ಲಿ 450 ಇದ್ದುದು 65ಕ್ಕೆ ಇಳಿಯಿತು. ತೈಲಶೋಧನೆಗೋಸ್ಕರ ಒಮಾನ್ ಸರ್ಕಾರವು ಆ ಅಭಯಾರಣ್ಯದ ಹತ್ತರಲ್ಲಿ ಒಂಬತ್ತು ಪಾಲನ್ನು ಕಡಿಮೆಮಾಡಿತು. 2007ರಲ್ಲಿ ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಯಿಂದ ಅದನ್ನು ತೆಗೆದುಹಾಕಿತು. ಹಾಗೆ ತೆಗೆಯಲ್ಪಟ್ಟ ಸ್ಥಳಗಳಲ್ಲಿ ಅದೇ ಮೊದಲನೆಯದು. ಆದರೂ ಸೌದಿ ಅರೇಬಿಯ ಮುಂತಾದ ನೆರೆನಾಡುಗಳಲ್ಲಿಯೂ ಬಿಟ್ಟಿದ್ದುದರಿಂದ ಕುಲವು ಅಳಿಯಲಿಲ್ಲ. 2011ರಲ್ಲಿ ಅಪಾಯದ ಪಟ್ಟಿಯಲ್ಲಿ ಅದರ ಸ್ಥಾನವು ಸುಧಾರಿಸಿತೆಂದು ಪಂಡಿತರು ಸಾರಿದರು.

ಮಠ ದೇವಾಲಯಗಳ ಆನೆಗಳ ಪ್ರಸಂಗವೂ ಇಲ್ಲಿ ಬರಲೇಬೇಕು. ಮುಖದಾಕ್ಷಿಣ್ಯಕ್ಕೆ ಅದನ್ನು ಬಿಡುವುದು ತರವಲ್ಲ. ಉತ್ಸವಕ್ಕೆ ಆನೆಯು ಶೋಭೆಯೆಂಬುದು ನಿಜ. ಆದರೆ ಹಿಂಡಿನಲ್ಲಿ ಬಾಳಿ, ದಿನಕ್ಕೆ ಎಷ್ಟೋ ಮೈಲು ನಡೆಯತಕ್ಕ ಪ್ರಾಣಿಯು ವರ್ಷದ ಮುನ್ನೂರೈವತ್ತು ದಿನ ಕಲ್ಲುನೆಲದ ಮೇಲೆ ಒಂಟಿಯಾಗಿ ಸರಪಳಿಯಲ್ಲಿ ನಿಂತರೆ, ಕಾಲುಗಳು ಕೊಳೆಯುತ್ತವೆ, ಬುದ್ಧಿಯು ಕದಡುತ್ತದೆ. ಕೊಲ್ಹಾಪುರದ ಸೀಮೆಯ ಒಂದು ದೇವಸ್ಥಾನದಲ್ಲಿದ್ದ ಸುಂದರನೆಂಬ ಆನೆಯು 2014ರಲ್ಲಿ ಸರ್ವೋಚ್ಚ ನ್ಯಾಯಾಲಯದವರೆಗೂ ನಡೆದ ವ್ಯಾಜ್ಯದ ಬಳಿಕ ಬನ್ನೇರುಘಟ್ಟಕ್ಕೆ ಬಂದು, ಬೇರೆ ಆನೆಗಳ ಜೊತೆಯನ್ನು ಕಂಡಿತು. ನ್ಯಾಯಾಲಯದ ಆಜ್ಞೆಗೆ ಕಾಯದೆ ತಾವಾಗಿ ದಾರಿ ಹುಡುಕಿದವರೂ ಇದ್ದಾರೆ. ಬಾಳೆಹೊನ್ನೂರಿನ ಶ್ರೀಮದ್ರಂಭಾಪುರಿ ಪೀಠಕ್ಕೆ 2024ರಲ್ಲಿ ಯಂತ್ರದಿಂದ ಕಿವಿ ಸೊಂಡಿಲುಗಳನ್ನು ಆಡಿಸುವ ವೀರಭದ್ರನೆಂಬ ಆನೆಯು ಅರ್ಪಿತವಾಯಿತು. ಯಂತ್ರದ ಆನೆಯೇನು ಆನೆಯೇ ಎಂದು ಮೂಗು ಮುರಿಯುವವರಿಗೆ, ಸರಪಳಿಯಲ್ಲಿ ನಿಂತುದು ಎಷ್ಟರಮಟ್ಟಿಗೆ ಆನೆಯಾಗಿತ್ತೆಂದು ಮರುಪ್ರಶ್ನೆ ಕೇಳಬಹುದು.

ಕಡೆಗೆ ಒಕ್ಕಲುಮಕ್ಕಳಿಗೆ ನಿತ್ಯೋಪಯೋಗಿಯಾದ ಒಂದು ವಿಷಯ. ಕಬ್ಬಿನ ಗದ್ದೆಯಲ್ಲಿ ಚಿರತೆಯು ಮರಿ ಹಾಕುವುದು ಈಗ ಅನೇಕ ಸೀಮೆಗಳಲ್ಲಿ ಸಾಮಾನ್ಯವಾಗಿದೆ. ಕಬ್ಬು ಕಡಿಯುವಾಗ ಬೆಕ್ಕಿನಷ್ಟು ದೊಡ್ಡ ಮರಿಗಳು ಸಿಕ್ಕುವುವು. ತಾಯಿ ಬಿಟ್ಟುಹೋಗಿದೆಯೆಂದು ಮರುಗಿ ಮನೆಗೆ ಒಯ್ದು ಹಾಲೆರೆಯುವವರುಂಟು. ಆ ಕರುಣೆಯಿಂದಲೇ ಮರಿಯು ಜೀವಾವಧಿ ಪಂಜರದ ಪಾಲಾಗುವುದು. ತಾಯಿಯು ಎಲ್ಲಿಯೂ ಹೋಗಿರುವುದಿಲ್ಲ. ಜನರ ಗಲಾಟೆಗೆ ಹೆದರಿ ಹತ್ತಿರದಲ್ಲಿಯೇ ಅಡಗಿರುತ್ತದೆ. ಪುಣೆ ಜಿಲ್ಲೆಯ ಜುನ್ನರ್ ಸೀಮೆಯಲ್ಲಿ ಅರಣ್ಯ ಇಲಾಖೆಯವರೂ ಪಶುವೈದ್ಯರೂ ಇದಕ್ಕೆ ಒಂದು ಕ್ರಮವನ್ನು ರೂಢಿಸಿದ್ದಾರೆ. ಕಡಿತವನ್ನು ನಿಲ್ಲಿಸಿ, ಮರಿಗಳ ಆರೋಗ್ಯವನ್ನು ಪರೀಕ್ಷಿಸಿ, ಸಂಜೆಗೆ ಅವು ಸಿಕ್ಕಿದ ಜಾಗದಲ್ಲಿಯೇ ತೆರೆದ ಪೆಟ್ಟಿಗೆಯಲ್ಲಿಟ್ಟು, ಎಲ್ಲರೂ ದೂರ ಸರಿಯುತ್ತಾರೆ. ದೀಪವಿಲ್ಲ, ಮಾತಿಲ್ಲ. ಕತ್ತಲಾದ ಮೇಲೆ ಕಬ್ಬಿನ ಸಾಲುಗಳ ನಡುವಿನಿಂದ ತಾಯಿಯು ಬಂದು, ಪೆಟ್ಟಿಗೆಯನ್ನು ಮೂಸಿ, ಒಂದು ಮರಿಯನ್ನು ಕುತ್ತಿಗೆಯ ಹತ್ತಿರ ಕಚ್ಚಿ ಎತ್ತಿಕೊಂಡು ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಇನ್ನೊಂದಕ್ಕಾಗಿ ಮರಳಿ ಬರುತ್ತದೆ.